ಆಫೀಸ್ ಲ್ಯಾಪ್‌ಟಾಪಿನಲ್ಲಿ ನನ್ನದು ಅಂತ ಏನಾದರೂ ಉಳಿದಿದೆಯಾ?

ಓದುಗರ ಪ್ರಶ್ನೆ

ನಾನು ವಾರದಲ್ಲಿ ಕೆಲವು ದಿನ ಮನೆಯಿಂದ, ಕೆಲವು ದಿನ ಆಫೀಸಿನಿಂದ ಕೆಲಸ ಮಾಡುತ್ತೇನೆ. ಲ್ಯಾಪ್‌ಟಾಪ್ ಕಂಪನಿಯದು. ಹೋದ ತಿಂಗಳು ಮ್ಯಾನೇಜರ್ ಮಾತಿನ ಮಧ್ಯೆ, "ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ನೀವು ಸಿಸ್ಟಮ್ ಮುಂದೆ ಇರೋದೇ ಇಲ್ಲ ಅನ್ಸುತ್ತೆ" ಎಂದರು. ಆ ಹೊತ್ತಿನಲ್ಲಿ ನಾನು ಹೆಚ್ಚಾಗಿ ಗ್ರಾಹಕರ ಜೊತೆ ಫೋನಿನಲ್ಲಿರುತ್ತೇನೆ. ಅವರಿಗೆ ಇದು ಹೇಗೆ ಗೊತ್ತಾಯಿತು ಎಂಬುದೇ ತಲೆ ಕೊರೆಯುತ್ತಿದೆ. ಇದೇ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ವೆಬ್ ತೆರೆದಿಟ್ಟಿರುತ್ತೇನೆ, ನನ್ನ ಸ್ವಂತ ಮೇಲ್ ನೋಡುತ್ತೇನೆ. ಕೆಲವು ತಿಂಗಳಿಂದ ನನಗೊಂದು ಚಿಕಿತ್ಸೆ ನಡೆಯುತ್ತಿದೆ. ಅದರ ವರದಿಗಳೂ ಇದರಲ್ಲೇ ಇವೆ. ಆಫೀಸ್ ಚಾಟಿನಲ್ಲಿ ಗೆಳತಿಯೊಬ್ಬಳಿಗೆ ಅದರ ಬಗ್ಗೆ ಬರೆದಿದ್ದೇನೆ. ಈಗ ಕಂಪನಿಯವರು ನನ್ನ ಸ್ವಂತ ಫೋನಿಗೂ ಒಂದು ಆ್ಯಪ್ ಹಾಕಿಕೊಳ್ಳಿ ಎನ್ನುತ್ತಿದ್ದಾರೆ. ಕೆಲಸಕ್ಕೆ ಸೇರುವಾಗ ಯಾವುದೋ ಪಾಲಿಸಿಗೆ ಸಹಿ ಹಾಕಿದ್ದೆ, ಓದಿರಲಿಲ್ಲ. ಎಲ್ಲವನ್ನೂ ಅಳಿಸಿಬಿಡಲೇ? ಮ್ಯಾನೇಜರನ್ನೇ ನೇರವಾಗಿ ಕೇಳಲೇ? — ಹೆಸರು ಬೇಡ ಎಂದಿರುವ ಓದುಗರು

ಉತ್ತರ

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಒಂದೇ ಪ್ರಶ್ನೆ ಅನ್ನಿಸುತ್ತದೆ: ನಾನು ಯಾರಿಗೆ ಹೇಳಿಲ್ಲವೋ ಅವರಿಗೂ ನನ್ನ ಕಾಯಿಲೆ ಗೊತ್ತಾಗಿದೆಯಾ? ಅದಕ್ಕೇ ಮೊದಲು ಉತ್ತರ ಹೇಳುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ಗೊತ್ತಾಗಿರುವ ಸಾಧ್ಯತೆ ತುಂಬಾ ಕಡಿಮೆ. ನಿಮ್ಮ ಮ್ಯಾನೇಜರ್ ಹೇಳಿದ ಮಾತಿಗೆ ನಿಮ್ಮ ಮೇಲ್ ಓದಬೇಕಾಗಿಯೇ ಇಲ್ಲ.

ಕಂಪನಿಗಳ ಮಾಹಿತಿ ಭದ್ರತೆಯೇ ನನ್ನ ಕೆಲಸ. ಲಾಗ್‌ಗಳನ್ನು, ಅಂದರೆ ಸಿಸ್ಟಮ್‌ನಲ್ಲಿ ನಡೆದದ್ದರ ದಾಖಲೆಗಳನ್ನು ಇಡುವವರು, ಹೇಳಿದಾಗ ತೆಗೆದುಕೊಡುವವರು ನಾವೇ. ಉದ್ಯೋಗಿಗಳು ಊಹಿಸಿಕೊಳ್ಳುವ ಹಾಗೆ ಅಲ್ಲಿ ಯಾರೂ ಕೂತು ನಿಮ್ಮ ಸ್ಕ್ರೀನ್ ನೋಡುತ್ತಿರುವುದಿಲ್ಲ. ಒಂದು ಸಾಧಾರಣ ಕಂಪನಿಯಲ್ಲೂ ಒಂದು ದಿನಕ್ಕೆ ಬೀಳುವ ಲಾಗ್ ಯಾವ ಮನುಷ್ಯನೂ ಓದಿ ಮುಗಿಸುವಷ್ಟಲ್ಲ. ಎಚ್ಚರಿಕೆ ಗಂಟೆ ಹೊಡೆದಾಗ ಮಾತ್ರ ನಾವು ನೋಡುತ್ತೇವೆ. ವೈರಸ್ ಬಂದಿರಬಹುದು, ಒಂದೇ ಸಲ ನೂರಾರು ಫೈಲ್ ಹೊರಗೆ ಹೋಗಿರಬಹುದು, ನಡುರಾತ್ರಿ ಬೇರೆ ದೇಶದಿಂದ ಯಾರೋ ಲಾಗಿನ್ ಆಗಿರಬಹುದು.

ಇದನ್ನು ಕೇಳಿ ಪೂರ್ತಿ ನಿರಾಳ ಆಗಬೇಡಿ. ಯಾರೂ ನೋಡದಿದ್ದರೂ ಎಲ್ಲವೂ ಉಳಿದಿರುತ್ತದೆ. ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ. ಒಂದು ದಿನ ಜಗಳವಾದಾಗ, ದೂರು ಬಂದಾಗ, ಯಾರನ್ನಾದರೂ ತೆಗೆಯಬೇಕು ಅಂದುಕೊಂಡಾಗ ಅದನ್ನು ತೆಗೆಸುತ್ತಾರೆ. ಭದ್ರತೆಗೆ ಅಂತ ಇಟ್ಟದ್ದನ್ನು ಆಗ ಬೇರೆ ಕೆಲಸಕ್ಕೆ ಬಳಸುತ್ತಾರೆ. ನಾನು ಕಂಡ ಹಾನಿಗಳಲ್ಲಿ ಹೆಚ್ಚಿನವು ಹೀಗೆ ಆದವು. ಹಾಗಾಗಿ ಯಾರಾದರೂ ನೋಡುತ್ತಿದ್ದಾರಾ ಎಂದು ಕೇಳಿಕೊಂಡು ಪ್ರಯೋಜನ ಕಡಿಮೆ. ಏನು ಉಳಿಯುತ್ತಿದೆ, ಎಷ್ಟು ದಿನ ಉಳಿಯುತ್ತದೆ, ತೆರೆಯಲು ಯಾರ ಒಪ್ಪಿಗೆ ಬೇಕು ಎಂದು ಕೇಳಿಕೊಳ್ಳಿ. ನಾನು ಮುಂದೆ ಹೇಳುವುದೆಲ್ಲ ಈ ಮೂರರ ಸುತ್ತಲೇ.

ಎರಡರಿಂದ ನಾಲ್ಕು: ಗೊತ್ತಾಗಿದ್ದು ಹೇಗೆ?

ಹೆಚ್ಚಾಗಿ ಒಂದು ಹಳದಿ ಚುಕ್ಕೆಯಿಂದ. ನಿಮ್ಮ ಆಫೀಸಿನಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಇದ್ದರೆ, ಐದು ನಿಮಿಷ ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುತ್ತದೆ. ಬೇರೆ ಚಾಟ್ ಆ್ಯಪ್‌ಗಳಲ್ಲೂ ಇಂಥದ್ದೇ ಏನಾದರೂ ಇರುತ್ತದೆ. ನೀವು ಫೋನಿನಲ್ಲಿ ಗ್ರಾಹಕರ ಜೊತೆ ಒಂದು ಗಂಟೆ ಮಾತಾಡಿದರೂ ಆ ಚುಕ್ಕೆಗೆ ಅದು ಗೊತ್ತಾಗುವುದಿಲ್ಲ. ಮ್ಯಾನೇಜರ್ ನಾಲ್ಕು ದಿನ ಮಧ್ಯಾಹ್ನ ನಿಮಗೆ ಮೆಸೇಜ್ ಹಾಕಲು ಹೋಗಿ ಹಳದಿ ಕಂಡಿರಬಹುದು. ಅಷ್ಟೇ ಆಗಿರುವ ಸಾಧ್ಯತೆ ಜಾಸ್ತಿ.

ಇನ್ನೊಂದು ಸಾಧ್ಯತೆಯೂ ಇದೆ. ಕೆಲವು ಕಂಪನಿಗಳು ಪ್ರತ್ಯೇಕ ತಂತ್ರಾಂಶ ಹಾಕಿರುತ್ತವೆ. ಅದು ಎಷ್ಟು ಹೊತ್ತು ಯಾವ ಆ್ಯಪ್ ತೆರೆದಿತ್ತು, ಎಷ್ಟು ಹೊತ್ತು ಮೌಸ್ ಅಲುಗಾಡಲಿಲ್ಲ ಎಂದು ಲೆಕ್ಕ ಇಡುತ್ತದೆ. ಕೆಲವು ಆಗಾಗ ಸ್ಕ್ರೀನ್‌ಶಾಟ್ ತೆಗೆಯುತ್ತವೆ. ಇಂಥ ಲೆಕ್ಕದಿಂದ ಕೆಲಸ ಅಳೆಯುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಯೋಚನೆ ಮಾಡುವವರು, ಕಾಗದದಲ್ಲಿ ಬರೆದುಕೊಳ್ಳುವವರು, ಫೋನಿನಲ್ಲಿ ಮಾತಾಡುವವರು ಇದರ ಕಣ್ಣಿಗೆ ಸೋಮಾರಿಗಳು.

ನಾನೊಬ್ಬನೇ ಹೀಗೆ ಹೇಳುತ್ತಿಲ್ಲ. ಫ್ರಾನ್ಸಿನ ಮಾಹಿತಿ ರಕ್ಷಣಾ ಪ್ರಾಧಿಕಾರವಾದ ಸಿಎನ್‌ಐಎಲ್ 2024ರ ಡಿಸೆಂಬರಿನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40 ಸಾವಿರ ಯೂರೋ ದಂಡ ಹಾಕಿತು. ಆ ಕಂಪನಿಯ ತಂತ್ರಾಂಶ 3ರಿಂದ 15 ನಿಮಿಷ ಮೌಸ್, ಕೀಬೋರ್ಡ್ ಅಲುಗಾಡದಿದ್ದರೆ ಅದನ್ನು ಕೆಲಸ ಮಾಡದ ಹೊತ್ತು ಅಂತ ಬರೆದುಕೊಳ್ಳುತ್ತಿತ್ತು. ಮೀಟಿಂಗೂ ಫೋನ್ ಕರೆಯೂ ಕೆಲಸವೇ ಅಲ್ವಾ, ಇದು ಸರಿಯಾದ ಲೆಕ್ಕವೇ ಅಲ್ಲ ಎಂಬುದು ಪ್ರಾಧಿಕಾರದ ನಿಲುವು. ನಿಮ್ಮದೂ ಹೆಚ್ಚುಕಡಿಮೆ ಅದೇ ಕಥೆ.

ಈ ಹಂತದಲ್ಲಿ ಸಹೋದ್ಯೋಗಿ ಯಾರಾದರೂ ನಿಮಗೆ ಮೌಸ್ ಜಿಗ್ಲರ್ ಬಗ್ಗೆ ಹೇಳಬಹುದು. ಮೌಸನ್ನು ತಾನೇ ಅಲುಗಾಡಿಸುವ ಸಣ್ಣ ಸಾಧನ ಅದು. ದಯವಿಟ್ಟು ಆ ಕಡೆ ಹೋಗಬೇಡಿ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು 2024ರಲ್ಲಿ ಕೀಬೋರ್ಡ್ ಬಳಕೆಯನ್ನು ನಟಿಸಿದರು ಎಂಬ ಕಾರಣಕ್ಕೆ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ತೆಗೆದುಹಾಕಿತು. ಯುಎಸ್‌ಬಿಗೆ ಹೊಸ ಸಾಧನ ಚುಚ್ಚಿದ್ದು ಲಾಗಿನಲ್ಲಿ ಬೀಳುತ್ತದೆ. ಒಂದೇ ತಾಳದಲ್ಲಿ ಗಂಟೆಗಟ್ಟಲೆ ಅಲುಗಾಡುವ ಮೌಸ್ ಕೂಡ ಎದ್ದು ಕಾಣುತ್ತದೆ. ಇವತ್ತು ನಿಮ್ಮ ಹತ್ತಿರ ಒಂದು ನ್ಯಾಯವಾದ ಉತ್ತರ ಇದೆ: ನಾನು ಕರೆಯಲ್ಲಿದ್ದೆ. ಜಿಗ್ಲರ್ ಹಾಕಿದ ದಿನ ಆ ಉತ್ತರದ ಬೆಲೆ ಹೋಗುತ್ತದೆ.

ಲ್ಯಾಪ್‌ಟಾಪಿನಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಇಲ್ಲಿ ಸುಳ್ಳು ಧೈರ್ಯವೂ ಇದೆ, ಸುಳ್ಳು ಭಯವೂ ಇದೆ.

ಮೊದಲು ಧೈರ್ಯದ ಕಡೆ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆದರೆ ಯಾರಿಗೂ ಗೊತ್ತಾಗಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಅದು ಆ ಬ್ರೌಸರಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ ಅದರ ಕೆಲಸ. ಕಂಪನಿಯ ನೆಟ್‌ವರ್ಕು, ಲ್ಯಾಪ್‌ಟಾಪಿನಲ್ಲಿರುವ ಭದ್ರತಾ ತಂತ್ರಾಂಶ ಇವೆರಡಕ್ಕೂ ಅದು ಅಡ್ಡ ಬರುವುದಿಲ್ಲ. ಮನೆಯ ವೈಫೈನಲ್ಲಿದ್ದೇನೆ ಎಂಬುದೂ ಪೂರ್ತಿ ರಕ್ಷಣೆ ಅಲ್ಲ. ಮನೆಯಿಂದಲೇ ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ವಿಪಿಎನ್ ಹಾಕಿದ್ದರೆ ನಿಮ್ಮ ಸಂಚಾರ ಅವರ ಮೂಲಕವೇ ಹೋಗಬಹುದು. ವಿಪಿಎನ್ ಇಲ್ಲದಿದ್ದರೂ ಲ್ಯಾಪ್‌ಟಾಪಿನೊಳಗೆ ಕೂತ ತಂತ್ರಾಂಶ ಎಲ್ಲಿದ್ದರೂ ಕೆಲಸ ಮಾಡುತ್ತದೆ.

ಬೀಗದ ಗುರುತಿನ ಮೇಲೂ ಇಂಥದ್ದೇ ನಂಬಿಕೆ. ವಿಳಾಸದ ಪಕ್ಕ ಬೀಗ ಇದ್ದರೆ ಮಧ್ಯದಲ್ಲಿ ಯಾರೂ ಓದಲಾರರು ಅನ್ನುವುದು ನಿಮ್ಮ ಸ್ವಂತ ಸಾಧನದ ಮಟ್ಟಿಗೆ ಸರಿ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಅವರು ತಮ್ಮದೇ ಸರ್ಟಿಫಿಕೇಟ್ (ತಾಣ ಅಸಲಿ ಎಂದು ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರ) ಹಾಕಿರಬಹುದು. ಆಗ ನಡುವೆ ಕೂತು ಅದನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿ ಕಳಿಸಬಹುದು. ವೈರಸ್ ಹಿಡಿಯಲು ಇದು ಬೇಕಾಗುತ್ತದೆ, ತಪ್ಪೇನಲ್ಲ. ಬ್ಯಾಂಕ್, ಆಸ್ಪತ್ರೆ ತಾಣಗಳನ್ನು ಇದರಿಂದ ಬಿಟ್ಟಿರುವ ಕಂಪನಿಗಳು ಬೇಕಾದಷ್ಟಿವೆ. ಎಲ್ಲರೂ ಬಿಟ್ಟಿರುತ್ತಾರೆ ಅಂದುಕೊಳ್ಳಬೇಡಿ. ನೀವೇ ಪರೀಕ್ಷೆ ಮಾಡಬಹುದು. ಆ ಗುರುತು (ಈಗಿನ ಕ್ರೋಮ್‌ನಲ್ಲಿ ಬೀಗದ ಬದಲು ಅಲ್ಲಿರುವ ಚಿಹ್ನೆ) ಒತ್ತಿ ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ನೋಡಿ. ನಿಮ್ಮ ಕಂಪನಿಯ ಅಥವಾ ಯಾವುದೋ ಭದ್ರತಾ ಉತ್ಪನ್ನದ ಹೆಸರು ಕಂಡರೆ ಆ ತಾಣವನ್ನು ಬಿಚ್ಚಿ ನೋಡಲಾಗುತ್ತಿದೆ ಎಂದು ತಿಳಿಯಿರಿ.

ವಾಟ್ಸಾಪ್ ಮೆಸೇಜು ದಾರಿಯಲ್ಲಿ ಹೋಗುವಾಗ ಭದ್ರ. ಆದರೆ ವಾಟ್ಸಾಪ್ ವೆಬ್ ತೆರೆದಾಗ ಆ ಲ್ಯಾಪ್‌ಟಾಪೇ ದಾರಿಯ ಕೊನೆ. ಅಲ್ಲಿ ಅಕ್ಷರಗಳು ಪರದೆಯ ಮೇಲೆ ಬಿಚ್ಚಿಕೊಂಡಿರುತ್ತವೆ. ಸ್ಕ್ರೀನ್‌ಶಾಟ್ ತೆಗೆಯುವ ತಂತ್ರಾಂಶ ಇದ್ದರೆ ಅದಕ್ಕೆ ಎನ್‌ಕ್ರಿಪ್ಷನ್, ಅಂದರೆ ಮೆಸೇಜಿಗೆ ಹಾಕಿದ ಗುಪ್ತಲಿಪಿಯ ಬೀಗ ಒಡೆಯುವ ಅಗತ್ಯವೇ ಬರುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಎಚ್ಚರಿಸಬೇಕಾದದ್ದು ಜನ ಯೋಚಿಸದ ಒಂದು ಜಾಗದ ಬಗ್ಗೆ: ಡೆಸ್ಕ್‌ಟಾಪ್. ಬಹಳಷ್ಟು ಕಂಪನಿಗಳಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ತಾವಾಗಿಯೇ ಕಂಪನಿಯ ಒನ್‌ಡ್ರೈವ್‌ಗೆ (ಇಂಟರ್ನೆಟ್ ಮೂಲಕ ಫೈಲ್ ಇಡುವ ಜಾಗ) ನಕಲಾಗುತ್ತವೆ. ಲ್ಯಾಪ್‌ಟಾಪ್ ಕೆಟ್ಟರೆ ಕೆಲಸ ಕಳೆದುಹೋಗಬಾರದು ಅಂತ ಮಾಡಿದ ಏರ್ಪಾಡು ಅದು. ನಿಮ್ಮ ರಕ್ತಪರೀಕ್ಷೆಯ ವರದಿಯನ್ನು ಸುಮ್ನೆ ಪ್ರಿಂಟ್ ತೆಗೆಯೋಣ ಅಂತ ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದರೆ ಅದು ಈಗ ಕಂಪನಿಯ ಸರ್ವರಿನಲ್ಲೂ ಇದೆ. ಕೆಟ್ಟ ಉದ್ದೇಶದಿಂದ ಯಾರೂ ತೆಗೆದುಕೊಂಡಿಲ್ಲ. ಆದರೂ ಹೋಗಿದೆ.

ಬ್ರೌಸರ್ ಕೂಡ ಹೀಗೆ ಮೋಸ ಮಾಡುತ್ತದೆ. ಆಫೀಸಿನ ಕ್ರೋಮ್‌ಗೆ ನಿಮ್ಮ ಸ್ವಂತ ಗೂಗಲ್ ಖಾತೆಯಿಂದ ಲಾಗಿನ್ ಆಗಿ ಸಿಂಕ್ ಒತ್ತಿದರೆ ಮನೆಯ ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಎಲ್ಲ ಇಲ್ಲಿಗೆ ಬಂದು ಕೂರುತ್ತವೆ. ಮನೆಯಲ್ಲಿ ರಾತ್ರಿ ನಿಮ್ಮದೇ ಫೋನಿನಲ್ಲಿ ಹುಡುಕಿದ ಕಾಯಿಲೆಯ ಹೆಸರು ಬೆಳಿಗ್ಗೆ ಆಫೀಸ್ ಬ್ರೌಸರಿನಲ್ಲಿ ಕಾಣುವುದು ಹೀಗೆ.

ಆಫೀಸ್ ಚಾಟಿನ ವಿಷಯಕ್ಕೆ ಬರುತ್ತೇನೆ. ಗೆಳತಿಗೆ ಬರೆದದ್ದು ಇಬ್ಬರ ನಡುವಿನ ಮಾತು ಅಂತ ಕಾಣುತ್ತದೆ, ಏಕೆಂದರೆ ಪರದೆಯಲ್ಲಿ ಇಬ್ಬರೇ ಇರುತ್ತೀರಿ. ಟೀಮ್ಸ್‌ನಲ್ಲಿ ಅದರ ನಕಲು ಮೇಲ್‌ಬಾಕ್ಸಿನ ಒಂದು ಕಾಣದ ಫೋಲ್ಡರಿನಲ್ಲಿ ಸೇರುತ್ತದೆ. ಅನುಮತಿ ಇರುವ ಅಡ್ಮಿನ್ ಅದರಲ್ಲಿ ಪದ ಹಾಕಿ ಹುಡುಕಬಹುದು. ಉಳಿಸುವ ಪಾಲಿಸಿ ಹಾಕಿದ್ದರೆ ನೀವು ಅಳಿಸಿದ ಮೇಲೂ ಅದು ಇರುತ್ತದೆ. ಸ್ಲ್ಯಾಕ್ ಎಂಬ ಚಾಟ್ ಆ್ಯಪಿನಲ್ಲೂ ಖಾಸಗಿ ಮೆಸೇಜನ್ನು ಹೊರತೆಗೆಯುವ ದಾರಿ ಇದೆ. ಅದು ಕಂಪನಿ ಕೊಂಡ ಪ್ಲಾನ್ ಮತ್ತು ಅಲ್ಲಿನ ಕಾನೂನಿಗೆ ಬಿಟ್ಟದ್ದು. ಹುಡುಕಲು ಕಾರಣ ಬೇಕು, ಯಾರಾದರೂ ಕೇಳಬೇಕು. ನಿಮ್ಮ ಚಾಟನ್ನು ಯಾರೂ ಕೇಳಿರಲಾರರು. ಆದರೂ ಅಲ್ಲಿ ಇನ್ನು ಮುಂದೆ ಆರೋಗ್ಯದ ಮಾತು ಬರೆಯಬೇಡಿ.

ಇನ್ನು ಸುಳ್ಳು ಭಯ. ಕಂಪನಿಯ ಲ್ಯಾಪ್‌ಟಾಪ್ ಮನೆಯ ವೈಫೈಗೆ ಸೇರಿದ ಮಾತ್ರಕ್ಕೆ ಮನೆಯವರ ಫೋನುಗಳಲ್ಲಿ ಏನಾಗುತ್ತಿದೆ ಅಂತ ಕಂಪನಿಗೆ ಕಾಣುವುದಿಲ್ಲ. ಕ್ಯಾಮೆರಾವನ್ನು ಗುಟ್ಟಾಗಿ ಆನ್ ಮಾಡಿ ನೋಡುವ ಕಂಪನಿ ನನ್ನ ಅನುಭವದಲ್ಲಿ ಸಿಕ್ಕಿಲ್ಲ. ಮುಚ್ಚಳ ಹಾಕಿಕೊಳ್ಳುವುದು ಒಳ್ಳೆಯದೇ, ಆದರೆ ಅದರ ಚಿಂತೆಯಲ್ಲಿ ಕೂರಬೇಡಿ. ಕ್ಯಾಮೆರಾ ಆನ್ ಇಡಿ ಅಂತ ನೇರವಾಗಿಯೇ ಹೇಳಿದ ಕಂಪನಿಗಳಿವೆ, ಅದು ಬೇರೆ ಮಾತು. 2022ರಲ್ಲಿ ಅಮೆರಿಕದ ಒಂದು ತಂತ್ರಾಂಶ ಕಂಪನಿ ನೆದರ್‌ಲೆಂಡ್ಸ್‌ನಲ್ಲಿದ್ದ ತನ್ನ ಉದ್ಯೋಗಿಗೆ ದಿನವಿಡೀ ಕ್ಯಾಮೆರಾ ಆನ್ ಇಡಲು ಹೇಳಿತು. ಅವರು ಒಪ್ಪಲಿಲ್ಲ, ಕೆಲಸ ಹೋಯಿತು. ಅಲ್ಲಿನ ನ್ಯಾಯಾಲಯ ಉದ್ಯೋಗಿಯ ಪರ ನಿಂತು ಸುಮಾರು 75 ಸಾವಿರ ಯೂರೋ ಕೊಡಿಸಿತು.

ಸಹಿ ಹಾಕಿದ ಕಾಗದ

ಓದದೆ ಸಹಿ ಹಾಕಿದೆ ಅಂತ ನೀವು ತಪ್ಪಿತಸ್ಥರಂತೆ ಬರೆದಿದ್ದೀರಿ. ಸೇರುವ ದಿನ ಕೊಡುವ ಕಾಗದದ ಕಟ್ಟನ್ನು ಯಾರು ಪೂರ್ತಿ ಓದುತ್ತಾರೆ? ಈಗ ಅದನ್ನು ತೆಗೆದು ಓದಿ. ಅದರಲ್ಲಿ ಬರೆದಿರುವುದು ಎಷ್ಟರ ಮಟ್ಟಿಗೆ ನಡೆಯುತ್ತದೆ ಅನ್ನುವುದು ನೀವಿರುವ ದೇಶದ ಮೇಲೆ ನಿಂತಿದೆ.

ಅಮೆರಿಕದಲ್ಲಿ ಕಂಪನಿಗೆ ಕೈ ಉದ್ದ. ಅಲ್ಲಿನ 1986ರ ಕಾಯ್ದೆ ಬೇರೆಯವರ ಸಂವಹನವನ್ನು ಕದ್ದು ಕೇಳುವುದನ್ನು ತಡೆಯುತ್ತದೆ. ಆದರೆ ಒಪ್ಪಿಗೆ ಇದ್ದರೆ ಅಡ್ಡಿಯಿಲ್ಲ, ಆ ಸಹಿಯೇ ಒಪ್ಪಿಗೆಯಾಗುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ 2022ರ ಮೇ ತಿಂಗಳಿಂದ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ನಿಗಾ ಇಡುತ್ತೇವೆಂದು ಲಿಖಿತವಾಗಿ ತಿಳಿಸಬೇಕು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣಾ ನಿಯಮದಡಿ ಉದ್ಯೋಗಿಯ ಒಪ್ಪಿಗೆಗೆ ಬೆಲೆ ಕಡಿಮೆ. ಸಂಬಳ ಕೊಡುವವನು ಕೇಳಿದಾಗ ಬೇಡ ಅನ್ನಲು ಎಷ್ಟು ಜನಕ್ಕೆ ಆಗುತ್ತದೆ ಎಂಬುದು ಅಲ್ಲಿನ ವಾದ. ಹಾಗಾಗಿ ಕಂಪನಿಯೇ ತಕ್ಕ ಕಾರಣ ತೋರಿಸಬೇಕು, ಅಗತ್ಯಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು. ಭಾರತದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾತ್ರ ಉದ್ಯೋಗದ ಉದ್ದೇಶಕ್ಕೆ, ಕಂಪನಿಯನ್ನು ನಷ್ಟದಿಂದ ಕಾಪಾಡುವ ಉದ್ದೇಶಕ್ಕೆ ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಜಾಗ ಬಿಟ್ಟಿದೆ.

ಒಂದು ಪ್ರಕರಣ ನಿಮಗೆ ತಿಳಿದಿರಬೇಕು. ರೊಮೇನಿಯಾದ ಎಂಜಿನಿಯರ್ ಬರ್ಬುಲೆಸ್ಕು ಅವರಿಗೆ ಕಂಪನಿ ಗ್ರಾಹಕರ ಜೊತೆ ಮಾತಾಡಲು ಯಾಹೂ ಮೆಸೆಂಜರ್ ಖಾತೆ ತೆರೆಯಲು ಹೇಳಿತ್ತು. 2007ರ ಜುಲೈನಲ್ಲಿ ಕಂಪನಿ ಕೆಲವು ದಿನ ಅವರ ಮೆಸೇಜುಗಳನ್ನು ದಾಖಲಿಸಿತು. ಸಹೋದರನ ಜೊತೆ, ಮದುವೆಯಾಗಲಿದ್ದ ಹುಡುಗಿಯ ಜೊತೆ ಆಡಿದ ಮಾತೆಲ್ಲ ಅದರಲ್ಲಿತ್ತು, ಆರೋಗ್ಯದ್ದು, ತೀರಾ ಖಾಸಗಿಯಾದದ್ದು ಕೂಡ. ಆ ಕಂಪನಿಯಲ್ಲಿ ಸ್ವಂತ ಬಳಕೆ ಪೂರ್ತಿ ನಿಷೇಧವಾಗಿತ್ತು. ಅವರನ್ನು ತೆಗೆದುಹಾಕಿದರು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ 2016ರಲ್ಲಿ ಅವರು ಸೋತರು. 2017ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠದಲ್ಲಿ ಗೆದ್ದರು. ಕಂಪನಿಯ ನಿಯಮ ಏನೇ ಇರಲಿ, ಕೆಲಸದ ಜಾಗದಲ್ಲಿ ಮನುಷ್ಯನ ಖಾಸಗಿ ಬದುಕನ್ನು ಸೊನ್ನೆಗೆ ಇಳಿಸುವಂತಿಲ್ಲ ಎಂದಿತು ಪೀಠ. ನಿಗಾ ಇಡುತ್ತೇವೆಂದು ಮೊದಲೇ ಹೇಳಿದ್ದಿರಾ, ಮೆಸೇಜಿನ ಒಳಗೇ ಓದುತ್ತೇವೆಂದು ಹೇಳಿದ್ದಿರಾ, ಅದಕ್ಕೆ ಕಾರಣ ಇತ್ತಾ, ಇಷ್ಟು ಒಳಹೊಗದೆ ಕೆಲಸ ಆಗುತ್ತಿರಲಿಲ್ಲವಾ ಎಂದು ನೋಡಬೇಕಿತ್ತು ಎಂದಿತು. ಈ ತೀರ್ಪು ನಡೆಯುವುದು ಯುರೋಪಿನಲ್ಲಿ. ಆದರೆ ಆ ಪ್ರಶ್ನೆಗಳನ್ನು ಯಾವ ದೇಶದ ಉದ್ಯೋಗಿಯೂ ತನ್ನ ಕಂಪನಿಗೆ ಕೇಳಬಹುದು. ಅವರು ಗೆಲ್ಲಲು ಹತ್ತು ವರ್ಷ ಹಿಡಿಯಿತು ಎಂಬುದನ್ನೂ ಮರೆಯಬೇಡಿ. ಕಾನೂನು ನಿಮ್ಮ ಪರ ಇರುವುದು ಬೇರೆ, ನಿಮ್ಮ ಮಾಹಿತಿ ಹೊರಗೆ ಹೋಗದೇ ಇರುವುದು ಬೇರೆ.

ಇನ್ನೊಂದು ಪ್ರಕರಣ ನಿಮ್ಮ ಚಿಕಿತ್ಸೆಗೆ ಹತ್ತಿರದ್ದು, ಅದರಲ್ಲಿ ಲ್ಯಾಪ್‌ಟಾಪೇ ಇಲ್ಲ. ಎಚ್ ಆ್ಯಂಡ್ ಎಮ್ ಎಂಬ ಬಟ್ಟೆ ಕಂಪನಿಯ ಜರ್ಮನಿಯ ನ್ಯೂರೆಂಬರ್ಗ್ ಕೇಂದ್ರದಲ್ಲಿ ರಜೆ ಅಥವಾ ಅನಾರೋಗ್ಯ ಮುಗಿಸಿ ಬಂದವರನ್ನು ಮೇಲಿನವರು ಕೂರಿಸಿಕೊಂಡು ಆತ್ಮೀಯವಾಗಿ ಮಾತಾಡಿಸುತ್ತಿದ್ದರು. ಏನಾಗಿತ್ತು, ಈಗ ಹೇಗಿದೆ ಎಂದು ಕೇಳುತ್ತಿದ್ದರು. ಆಮೇಲೆ ಕಾಯಿಲೆಯ ಲಕ್ಷಣ, ರೋಗದ ಹೆಸರು, ಮನೆಯ ತಾಪತ್ರಯ ಎಲ್ಲ ಬರೆದಿಡುತ್ತಿದ್ದರು. 50ರಷ್ಟು ಮ್ಯಾನೇಜರುಗಳು ಅದನ್ನು ಓದಬಹುದಿತ್ತು. 2019ರಲ್ಲಿ ಯಾವುದೋ ತಾಂತ್ರಿಕ ತಪ್ಪಿನಿಂದ ಕೆಲವು ಗಂಟೆ ಆ ಕಡತ ಇಡೀ ಕಂಪನಿಗೆ ಕಂಡಿತು. ಹಾಗಾಗಿ ಬಯಲಾಯಿತು. 2020ರಲ್ಲಿ 3.53 ಕೋಟಿ ಯೂರೋ ದಂಡ ಬಿತ್ತು. ಆದ್ದರಿಂದ ನಿಮ್ಮ ಮ್ಯಾನೇಜರ್ ಎಷ್ಟೇ ಒಳ್ಳೆಯವರಾಗಿರಲಿ, ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ. ಆರೋಗ್ಯದ ಕಾರಣ, ಇಂತಿಂಥ ದಿನ ಇಷ್ಟು ಹೊತ್ತು ಬೇಕು, ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಎಚ್‌ಆರ್ ಮೂಲಕ ಕೇಳಲಿ. ಯಾವ ಕಾಗದ, ಯಾರು ಇಟ್ಟುಕೊಳ್ಳುತ್ತಾರೆ ಎಂದು ಕೇಳಿ ಕೊಡಿ.

ನಿಮ್ಮ ಸ್ವಂತ ಫೋನು

ಇಲ್ಲಿ ನಿಮಗೆ ಇನ್ನೂ ಆಯ್ಕೆ ಇದೆ. ಅದಕ್ಕೇ ಅವಸರ ಮಾಡಬೇಡಿ. ಆ್ಯಪ್ ಹಾಕಿಕೊಳ್ಳಿ ಎಂಬ ಒಂದೇ ಮಾತಿನ ಹಿಂದೆ ಬೇರೆ ಬೇರೆ ವ್ಯವಸ್ಥೆಗಳಿರಬಹುದು.

ತೀರಾ ಹಗುರವಾದದ್ದು, ಆಫೀಸ್ ಮೇಲ್ ಮತ್ತು ಚಾಟ್ ಆ್ಯಪಿನೊಳಗೆ ಮಾತ್ರ ಕಂಪನಿಯ ನಿಯಮ ನಡೆಯುವುದು. ಪಿನ್ ಹಾಕಿ ಎನ್ನುತ್ತದೆ, ಅಲ್ಲಿಂದ ನಕಲು ಮಾಡಲು ಬಿಡುವುದಿಲ್ಲ. ನೀವು ಕೆಲಸ ಬಿಟ್ಟರೆ ಆ ಆ್ಯಪಿನೊಳಗಿನ ಕಂಪನಿಯ ಮಾಹಿತಿಯನ್ನಷ್ಟೇ ಅಳಿಸುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ವರ್ಕ್ ಪ್ರೊಫೈಲ್ ಎಂಬುದಿದೆ. ಆಫೀಸ್ ಆ್ಯಪ್‌ಗಳ ಮೇಲೆ ಸಣ್ಣ ಬ್ರೀಫ್‌ಕೇಸ್ ಚಿಹ್ನೆ ಇರುತ್ತದೆ. ಚಿಹ್ನೆ ಇಲ್ಲದ ಕಡೆಯ ನಿಮ್ಮ ಫೋಟೋ, ಮೆಸೇಜು, ಸ್ವಂತ ಆ್ಯಪ್‌ಗಳು ಕಂಪನಿಗೆ ಕಾಣುವುದಿಲ್ಲ. ಐಫೋನಿನಲ್ಲೂ ಇದೇ ತರಹದ, ಸ್ವಂತ ಫೋನಿಗೆಂದೇ ಮಾಡಿದ ವ್ಯವಸ್ಥೆ ಇದೆ. ಇವು ಮೂರಕ್ಕೂ ನಾನು ಒಪ್ಪಿಕೊಳ್ಳುತ್ತಿದ್ದೆ.

ಪೂರ್ತಿ ಫೋನನ್ನೇ ಕಂಪನಿಯ ಕೈಗೆ ಕೊಡುವ ವ್ಯವಸ್ಥೆಗೆ ಒಪ್ಪಬೇಡಿ. ಅದರಲ್ಲಿ ಫೋನಿನಲ್ಲಿರುವ ಆ್ಯಪ್‌ಗಳ ಪಟ್ಟಿ ಅವರಿಗೆ ಕಾಣಬಹುದು. ಆ ಪಟ್ಟಿಯೊಂದರಿಂದಲೇ ಎಷ್ಟೋ ತಿಳಿಯುತ್ತದೆ. ನಿಮ್ಮ ಆಸ್ಪತ್ರೆಯ ಆ್ಯಪ್, ಮಾತ್ರೆ ನೆನಪಿಸುವ ಆ್ಯಪ್ ಎಲ್ಲ ಅದರಲ್ಲಿ ಬರುತ್ತದೆ. ದೂರದಿಂದಲೇ ಇಡೀ ಫೋನನ್ನು ಅಳಿಸುವ ಅಧಿಕಾರವೂ ಅವರಿಗೆ ಸಿಗುತ್ತದೆ. ಕೆಲಸ ಬಿಟ್ಟ ದಿನ ಯಾರೋ ತಪ್ಪು ಬಟನ್ ಒತ್ತಿ ಮನೆಯವರ ಫೋಟೋಗಳೆಲ್ಲ ಹೋಗುವುದು ಈ ವೃತ್ತಿಯಲ್ಲಿ ಕೇಳದ ಮಾತೇನಲ್ಲ. ಆ್ಯಂಡ್ರಾಯ್ಡ್ ಫೋನನ್ನು ಮೊದಲು ಫ್ಯಾಕ್ಟರಿ ರಿಸೆಟ್ ಮಾಡಿ ಎಂದು ಹೇಳಿದರೆ ಅದು ಈ ಬಗೆಯದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ವಿಪಿಎನ್ ಮತ್ತು ಡಿವೈಸ್ ಮ್ಯಾನೇಜ್‌ಮೆಂಟ್ ಒಳಗೆ ಹೋದರೆ ಏನು ಹಾಕಿದ್ದಾರೆ ಎಂದು ಕಾಣುತ್ತದೆ. ಫೋನಿನದೇ ಮೇಲ್ ಆ್ಯಪಿಗೆ ಆಫೀಸ್ ಖಾತೆ ಸೇರಿಸುವಾಗಲೂ ಎಚ್ಚರ ಇರಲಿ. ಕೆಲವು ಕಡೆ ಅಷ್ಟರಿಂದಲೇ ಇಡೀ ಫೋನ್ ಅಳಿಸುವ ಅನುಮತಿ ಕೇಳುತ್ತದೆ.

ಕೆಲಸಕ್ಕೆ ಅಷ್ಟು ಭದ್ರತೆ ಬೇಕೇ ಬೇಕು ಅಂದರೆ ಕಂಪನಿಯೇ ಫೋನ್ ಕೊಡಲಿ. ಹಾಗೆ ಕೇಳುವುದು ಉದ್ಧಟತನ ಅಲ್ಲ. ಭದ್ರತಾ ವಿಭಾಗದವರಾದ ನಮಗೂ ಅದೇ ಇಷ್ಟ.

ಈಗ ಏನು ಮಾಡಬೇಕು

ಅಳಿಸಿಬಿಡಲೇ ಎಂದು ಕೇಳಿದ್ದೀರಿ. ಎಲ್ಲವನ್ನೂ ಒಂದೇ ರಾತ್ರಿ ಅಳಿಸಬೇಡಿ. ಮ್ಯಾನೇಜರ್ ಪ್ರಶ್ನೆ ಎತ್ತಿದ ಮೇಲೆ ರಾಶಿ ರಾಶಿ ಫೈಲು, ಚಾಟು ಅಳಿಸಿದ್ದು ಲಾಗಿನಲ್ಲಿ ಕಂಡರೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ. ಚಾಟಿನ ನಕಲಂತೂ ಹೇಗೂ ಉಳಿದಿರುತ್ತದೆ. ನಿಮ್ಮ ಸ್ವಂತದ್ದನ್ನಷ್ಟೇ ನಿಧಾನವಾಗಿ ತೆಗೆಯಿರಿ. ವೈದ್ಯಕೀಯ ವರದಿ, ಫೋಟೋ ಇವನ್ನು ಫೋನಿನಲ್ಲಿ ನಿಮ್ಮ ಮೇಲ್‌ನಿಂದ ಮತ್ತೆ ಇಳಿಸಿಕೊಳ್ಳಿ, ಲ್ಯಾಪ್‌ಟಾಪಿನಲ್ಲಿರುವುದನ್ನು ಅಳಿಸಿ. ಒನ್‌ಡ್ರೈವ್‌ನ ಕಸದ ಬುಟ್ಟಿಯನ್ನೂ ನೋಡಿ. ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಆ ಲ್ಯಾಪ್‌ಟಾಪನ್ನು ಲಾಗೌಟ್ ಮಾಡಿ. ಬ್ರೌಸರಿನಿಂದ ಸ್ವಂತ ಖಾತೆ ತೆಗೆಯಿರಿ, ಸಿಂಕ್ ನಿಲ್ಲಿಸಿ, ಆಮೇಲೆ ಮುಖ್ಯವಾದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇಷ್ಟಾದ ಮೇಲೂ ಹಳೆಯ ಬ್ಯಾಕಪ್‌ನಲ್ಲಿ ಏನೋ ಉಳಿಯಬಹುದು. ಅದನ್ನು ಒಪ್ಪಿಕೊಳ್ಳಲೇಬೇಕು.

ಇದಕ್ಕಿಂತ ದೊಡ್ಡ ಬಲೆ ಒಂದಿದೆ. ಸಾಕ್ಷಿಗೆ ಇರಲಿ ಎಂದು ಆಫೀಸ್ ಮೇಲ್‌ಗಳನ್ನು ತಮ್ಮ ಜಿಮೇಲ್‌ಗೆ ಕಳಿಸಿಕೊಳ್ಳುವುದು, ಪೆನ್‌ಡ್ರೈವ್‌ಗೆ ಫೈಲ್ ತುಂಬಿಕೊಳ್ಳುವುದು. ಹೆದರಿದವರು ಮೊದಲು ಮಾಡುವುದೇ ಇದನ್ನು. ನಮ್ಮ ಎಚ್ಚರಿಕೆ ಗಂಟೆ ಹೊಡೆಯುವುದೂ ಇದಕ್ಕೇ. ನ್ಯಾಯ ತಮ್ಮ ಕಡೆ ಇದ್ದವರು ಈ ಒಂದು ಕಾರಣಕ್ಕೆ ತಪ್ಪಿತಸ್ಥರ ಜಾಗದಲ್ಲಿ ನಿಂತದ್ದನ್ನು ನಾನು ನೋಡಿದ್ದೇನೆ. ನೋಡುವಾಗ ಸಂಕಟವಾಗುತ್ತದೆ, ಏಕೆಂದರೆ ಆ ಹೊತ್ತಿಗೆ ನಾವೂ ಏನೂ ಮಾಡಲಾಗುವುದಿಲ್ಲ.

ಇನ್ನು ಮುಂದೆ ಸ್ವಂತದ್ದೆಲ್ಲ ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ. ಆಫೀಸ್ ವೈಫೈಗೆ ನಿಮ್ಮ ಫೋನನ್ನು ಸೇರಿಸಿದರೆ ನೀವು ಏನು ಬರೆದಿರಿ ಎಂಬುದು ಕಾಣದಿದ್ದರೂ ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ಕಾಣುತ್ತದೆ. ವಕೀಲರ ಜೊತೆ, ವೈದ್ಯರ ಜೊತೆ, ಬೇರೆ ಕಂಪನಿಯ ಜೊತೆ ಮಾತಾಡುವಾಗ ಇದನ್ನು ಕಟ್ಟುನಿಟ್ಟಾಗಿ ಪಾಲಿಸಿ. ಅಮೆರಿಕದ ನ್ಯೂಜೆರ್ಸಿಯಲ್ಲಿ ಒಬ್ಬ ಮಹಿಳೆ ಕಂಪನಿಯ ಲ್ಯಾಪ್‌ಟಾಪಿನಿಂದ ತಮ್ಮ ಸ್ವಂತ ಯಾಹೂ ಮೇಲ್‌ನಲ್ಲಿ ವಕೀಲರಿಗೆ ಬರೆದಿದ್ದರು. ಆ ಪುಟಗಳ ನಕಲು ಹಾರ್ಡ್ ಡಿಸ್ಕಿನಲ್ಲಿ ಉಳಿದು ಕಂಪನಿಗೆ ಸಿಕ್ಕಿತು. 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು, ಆದರೆ ಅಷ್ಟರಲ್ಲಿ ಎದುರಾಳಿ ಅದನ್ನು ಓದಿಯಾಗಿತ್ತು.

ಪ್ರಶ್ನೆ ಕೇಳುವುದು ಹೇಗೆ? ಫೋನಿಗೆ ಆ್ಯಪ್ ಹಾಕಿ ಎಂದಿದ್ದಾರಲ್ಲ, ಅದೇ ಒಳ್ಳೆಯ ಸಂದರ್ಭ. ಐಟಿ ವಿಭಾಗಕ್ಕೆ, ಎಚ್‌ಆರ್‌ಗೆ ಒಂದು ಸಣ್ಣ ಮೇಲ್ ಬರೆಯಿರಿ. "ಆ್ಯಪ್ ಹಾಕುವ ಮೊದಲು ತಿಳಿದುಕೊಳ್ಳಬೇಕಿತ್ತು. ಇದು ನನ್ನ ಫೋನಿನಲ್ಲಿ ಏನೇನು ನೋಡುತ್ತದೆ, ಏನು ಅಳಿಸಬಹುದು? ಲ್ಯಾಪ್‌ಟಾಪಿನಲ್ಲಿ ಯಾವ ಮಾಹಿತಿ ದಾಖಲಾಗುತ್ತದೆ, ಎಷ್ಟು ಕಾಲ ಇರುತ್ತದೆ, ಅದನ್ನು ತೆರೆಯಲು ಯಾರ ಅನುಮತಿ ಬೇಕು? ಇದರ ಪಾಲಿಸಿ ಕಳಿಸುತ್ತೀರಾ?" ಇಷ್ಟು ಸಾಕು. ಇದರಲ್ಲಿ ಆರೋಪ ಇಲ್ಲ. ಉತ್ತರದಲ್ಲಿ ನೀವು ಹುಡುಕಬೇಕಾದದ್ದು ಕೊನೆಯ ವಿಷಯ. ಎಚ್‌ಆರ್ ಮತ್ತು ಕಾನೂನು ವಿಭಾಗ ಇಬ್ಬರೂ ಲಿಖಿತವಾಗಿ ಒಪ್ಪಬೇಕು, ತೆರೆದದ್ದು ದಾಖಲಾಗುತ್ತದೆ ಎಂದಿದ್ದರೆ ನಿಮ್ಮದು ಶಿಸ್ತಿನ ಕಂಪನಿ. ಮ್ಯಾನೇಜರ್ ಕೇಳಿದರೆ ಕೊಡುತ್ತೇವೆ ಎಂಬರ್ಥ ಬಂದರೆ ಹುಷಾರಾಗಿರಿ. ಇಂಥ ಪ್ರಶ್ನೆ ಕೇಳಿದವರನ್ನು ತಕರಾರಿನವರು ಎಂದು ಗುರುತು ಹಾಕಿಕೊಳ್ಳುವ ಕಡೆಗಳೂ ಇವೆ. ನಿಮ್ಮ ಆಫೀಸು ಅಂಥದ್ದು ಅನ್ನಿಸಿದರೆ ಇಬ್ಬರು ಮೂವರು ಸಹೋದ್ಯೋಗಿಗಳು ಸೇರಿ ಕೇಳಿ. ಕಾರ್ಮಿಕ ಸಂಘ ಇದ್ದರೆ ಅದರ ಮೂಲಕ ಕೇಳಿ.

ಮ್ಯಾನೇಜರ್ ಹತ್ತಿರ ಹೋಗಿ, ನನ್ನ ಮೇಲೆ ಕಣ್ಣಿಟ್ಟಿದ್ದೀರಾ ಎಂದು ಕೇಳಬೇಡಿ. ಅವರು ಇಲ್ಲ ಎನ್ನುತ್ತಾರೆ, ನಿಮಗೆ ನಂಬಿಕೆ ಬರುವುದಿಲ್ಲ, ಅವರಿಗೆ ಬೇಸರವಾಗುತ್ತದೆ. ಎರಡರಿಂದ ನಾಲ್ಕರವರೆಗೆ ಗ್ರಾಹಕರ ಕರೆಗಳಿರುತ್ತವೆ, ಇನ್ನು ಮೇಲೆ ಅದನ್ನು ಕ್ಯಾಲೆಂಡರಿನಲ್ಲಿ ಹಾಕುತ್ತೇನೆ ಎಂದು ಹೇಳಿ. ಯಾವುದಾದರೂ ವರದಿ ನೋಡಿ ಹೇಳಿದ್ದರೆ ನನಗೂ ತೋರಿಸಿ, ಅದರಲ್ಲಿ ಕರೆಯ ಸಮಯ ಸೇರಿದೆಯೇ ನೋಡೋಣ ಎಂದೂ ಸೇರಿಸಿ. ಬಹುಪಾಲು ಸಂದರ್ಭದಲ್ಲಿ ವಿಷಯ ಅಲ್ಲಿಗೆ ಮುಗಿಯುತ್ತದೆ.

ಮುಗಿಯದೆ, ಆ ಎರಡು ಗಂಟೆಯನ್ನು ನಿಮ್ಮ ವಾರ್ಷಿಕ ಮೌಲ್ಯಮಾಪನದಲ್ಲಿ ಬರೆದರೆ, ಲಿಖಿತವಾಗಿ ಆಕ್ಷೇಪ ಹಾಕಿ. ಯಾವ ದಿನ, ಯಾರು, ಏನು ಹೇಳಿದರು ಎಂಬುದನ್ನು ಮನೆಯಲ್ಲಿ ನಿಮ್ಮದೇ ನೋಟ್‌ಬುಕ್ಕಿನಲ್ಲಿ ಅವತ್ತವತ್ತೇ ಬರೆದಿಡಿ. ಕರೆಗಳು ಕಂಪನಿಯ ಫೋನ್ ವ್ಯವಸ್ಥೆಯ ಮೂಲಕ ಹೋಗಿದ್ದರೆ ಅವುಗಳ ವಿವರ ಅಲ್ಲಿರುತ್ತದೆ, ಅದನ್ನು ಪರಿಶೀಲಿಸಿ ಎಂದು ನಿಮ್ಮ ಆಕ್ಷೇಪದಲ್ಲೇ ಕೇಳಿ. ಅಲ್ಲಿಂದ ಮುಂದೆ ಹೋಗಬೇಕಾಗಿ ಬಂದರೆ ನಿಮ್ಮ ದೇಶದ ಕಾರ್ಮಿಕ ಕಾನೂನು ಬಲ್ಲ ವಕೀಲರನ್ನು ಕಾಣಿ. ಅವರಿಗೆ ಮೊದಲ ಕರೆ ಮಾಡುವಾಗ ನಿಮ್ಮ ಸ್ವಂತ ಫೋನಿನಿಂದಲೇ ಮಾಡಿ.